ಬೆನ್ನು ತಿರುಗಿಸಿ ಕುಳಿತ ಊರು

ಸಭೆಯವರೇ, ದೃಷ್ಟಾಂತ ಎಂದ ಕೂಡಲೇ ನಿಮ್ಮ ತಲೆಯೊಳಗೆ ಒಬ್ಬ ಶ್ರೀಮಂತ ಬಂದು ನಿಲ್ಲುತ್ತಾನೆ, ನನಗೆ ಗೊತ್ತು. ದೊಡ್ಡ ಮನೆ, ತುಂಬಿದ ಕಣಜ, ಬಾಗಿಲಲ್ಲಿ ಕಾಯುತ್ತ ನಿಂತ ಬಡವ. ಇವತ್ತು ನಾನು ಹೇಳುವುದೂ ಶ್ರೀಮಂತನ ಕಥೆಯನ್ನೇ. ಆದರೆ ಇವನ ಮನೆಯಲ್ಲಿ ಕಣಜ ಇರಲಿಲ್ಲ. ಬಂದವರಿಗೆ ಹಾಕಲು ಸರಿಯಾದ ಒಂದು ಕುರ್ಚಿಯೂ ಇರಲಿಲ್ಲ. ಇವನ ಸಂಪತ್ತೆಲ್ಲ ಬಾಯಲ್ಲಿತ್ತು. ನಮ್ಮ ಕಡೆಯ ಒಂದು ಊರಿನಲ್ಲಿ ಅವನು ಉಪದೇಶಿಯಾಗಿದ್ದ. ಯಾವ ಊರು ಎಂದು ಹೇಳುವುದಿಲ್ಲ. ನಿಮ್ಮ ಊರೇ ಎಂದು ಇಟ್ಟುಕೊಳ್ಳಿ.

ಎಂಥ ಮಾತುಗಾರ ಗೊತ್ತೇ? ಮದುವೆಯಲ್ಲಿ ಅವನು ಎದ್ದು ನಿಂತರೆ ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಣ್ಣು ಮಾಡುವಾಗ ಅವನು ಪ್ರಾರ್ಥನೆ ಹೇಳಿದರೆ ಸತ್ತವನ ಮೇಲೆ ಕೋರ್ಟಿಗೆ ಹೋದವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಮೈಕು ಕೈಕೊಟ್ಟರೆ ಅವನಿಗೆ ಎಲ್ಲಿಲ್ಲದ ಖುಷಿ. ಒಂದೇ ಒಂದು ಅಭ್ಯಾಸ ಅವನಿಗಿರಲಿಲ್ಲ. ಅವನು ಯಾರನ್ನೂ ಏನನ್ನೂ ವಿಚಾರಿಸುತ್ತಿರಲಿಲ್ಲ. ಜ್ವರ ಬಂದವರ ಮನೆಗೆ ಹೋದರೆ, ಜ್ವರ ಯಾಕೆ ಬಂತು, ಯಾವಾಗ ಬಿಡುತ್ತದೆ, ದೇವರು ಇದರಿಂದ ಏನು ಕಲಿಸುತ್ತಿದ್ದಾನೆ, ಎಲ್ಲವನ್ನೂ ತಾನೇ ಹೇಳಿ ಎದ್ದು ಬರುತ್ತಿದ್ದ. ಮಲಗಿದವರು ಕೈಮುಗಿಯುತ್ತಿದ್ದರು. ಪಾಪ, ಅವರಿಗೆ ಇನ್ನೇನು ಮಾಡಲು ಅವಕಾಶವಿತ್ತು?

ಇಂಥವನನ್ನು ಮಿಷನ್ನಿನವರು ಆರಿಸಿ ದೂರದ ಪೂರ್ವದ ಬೆಟ್ಟಗಳಿಗೆ ಕಳಿಸಿದರು. ಅಲ್ಲಿಯ ಜನರ ಭಾಷೆ ಬೇರೆ, ಊಟ ಬೇರೆ, ನಡೆ ಬೇರೆ. ಬಸ್‌ ಸ್ಟ್ಯಾಂಡಿನಲ್ಲಿ ಹೆಂಡತಿ ಬುತ್ತಿಗಂಟು ಕೊಡುತ್ತ ಹೇಳಿದಳು: "ನೋಡ್ರಿ, ಅಲ್ಲಿ ಹೋಗಿ ಎಲ್ಲಾ ನೀವ ಮಾತಾಡಬ್ಯಾಡ್ರಿ. ಅವರಿಗೂ ದೇವರು ಬಾಯಿ ಕೊಟ್ಟಾನ."

"ಆ ಬಾಯಿ ಬಿಡಸಾಕನ ಹೊಂಟೇನಲ್ಲ!" ಎಂದು ನಕ್ಕು ಅವನು ಬಸ್ಸು ಹತ್ತಿದ.

ಬೆಟ್ಟದ ತಪ್ಪಲಿನ ಪಟ್ಟಣದಲ್ಲಿ ಮಿಷನ್ನಿನ ಮನೆಯಿತ್ತು. ಅಲ್ಲಿ ಒಬ್ಬ ಮಾಸ್ತರರನ್ನು ಹಿಡಿದು ಆ ಭಾಷೆಯನ್ನು ಕಲಿತ. ಬುದ್ಧಿವಂತ, ಸುಳ್ಳೇಕೆ ಹೇಳಲಿ? ಮಳೆಗಾಲ ಕಳೆಯುವುದರೊಳಗೆ ಪ್ರಾರ್ಥನೆಗಳು, ನಂಬಿಕೆಯ ಮಾತುಗಳು, ಉದ್ದುದ್ದ ಪ್ರಸಂಗಗಳು ಎಲ್ಲ ಬಾಯಿಪಾಠ ಆದವು. ಹೇಗಿದ್ದೀರಿ, ಯಾರ ಮನೆಯವರು, ಉಂಡಿರಾ ಎಂದು ವಿಚಾರಿಸುವುದನ್ನೂ ಕಲಿಯಿರಿ ಎಂದು ಮಾಸ್ತರರು ಎಷ್ಟೋ ಸಲ ಹೇಳಿ ನೋಡಿದರು. ಅದೆಲ್ಲ ಆಮೇಲೆ, ನಾನು ಹೇಳಲು ಬಂದವನು ಎಂದು ಇವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಹೊರಡುವ ದಿನ ಅಲ್ಲಿಯ ಮಿಷನ್ನಿನ ಹಿರಿಯ ಅಯ್ಯನವರು, ಅವರೂ ನಮ್ಮ ಕಡೆಯವರೇ, ಅವನನ್ನು ಕರೆದು ಖಡಾಖಂಡಿತವಾಗಿ ಹೇಳಿದರು: "ಬ್ಯಾಸಗಿ ಮುಗಿಯೂದರೊಳಗ ಆ ಊರಿಂದ ಒಬ್ಬರಾದ್ರೂ ದೀಕ್ಷಾಸ್ನಾನಕ್ಕ ಬರಬೇಕು. ಇಲ್ಲಂದ್ರ ಅಲ್ಲಿ ಕೆಲಸ ನಿಲ್ಲಸ್ತೇವಿ, ನಿನ್ನ ಊರಿಗೆ ಕಳಸ್ತೇವಿ. ತಿಳೀತಿಲ್ಲೋ?"

ತಿಳಿಯಿತು. ಚೆನ್ನಾಗಿಯೇ ತಿಳಿಯಿತು. ಹಾರ ಹಾಕಿ ಕಳಿಸಿದ ಸಭೆಯವರ ಮುಂದೆ ಬರಿಗೈಯಲ್ಲಿ ಬಸ್ಸಿನಿಂದ ಇಳಿಯುವುದು, ಇಂಥ ನಾಲಿಗೆಗೂ ಒಬ್ಬನೂ ಬರಲಿಲ್ಲವಂತೆ ಎಂದು ಅನ್ನಿಸಿಕೊಳ್ಳುವುದು, ಅದಕ್ಕಿಂತ ಸಾವೇ ಮೇಲು ಎಂದು ಅವನಿಗನ್ನಿಸಿತು. ಆ ಬೇಸಿಗೆಯ ಮೇಲೆ ಅವನ ಮಾನ ನಿಂತಿತ್ತು.

ಜೀಪಿನವನು ಅವನನ್ನು ಬೆಟ್ಟದ ಬುಡದಲ್ಲಿ ಇಳಿಸಿ ಹೋದ. ಅಲ್ಲಿಂದ ಊರಿಗೆ ಎರಡು ದಾರಿ. ಒಂದು ಅಗಲವಾಗಿ ಬೆಟ್ಟವನ್ನು ಬಳಸಿಕೊಂಡು, ಊರ ಮುಂದಿನ ದೊಡ್ಡ ಮರದ ಕಡೆ ಹೋಗುತ್ತಿತ್ತು. ಇನ್ನೊಂದು ಕೊರಕಲಿನೊಳಗೆ ನೆಟ್ಟಗೆ ಮೇಲೇರಿತ್ತು. ಇವನು ಹತ್ತಿರದ ದಾರಿ ಹಿಡಿದ. ಆ ದಾರಿಯಲ್ಲಿ ಹುಲ್ಲು ಬೆಳೆದಿತ್ತು. ಒಂದು ಸಗಣಿಯ ಗುರುತಿಲ್ಲ, ಒಂದು ಹೆಜ್ಜೆಯ ಗುರುತಿಲ್ಲ. ಮಧ್ಯಾಹ್ನವಾಗಿದ್ದರೂ ಮಂಜು ಕವಿದಿತ್ತು. ಕೆಳಗೆ ಕಿವಿ ತುಂಬ ಕೂಗುತ್ತಿದ್ದ ಹಕ್ಕಿಗಳು ಆ ಕೊರಕಲಿನೊಳಗೆ ಉಸಿರೆತ್ತಲಿಲ್ಲ.

ಮೇಲೆ ಬಂದರೆ ಒಂದು ಬಯಲು. ಬಯಲಿನ ತುಂಬ ನಿಲ್ಲಿಸಿದ ಕಲ್ಲುಗಳು. ಆಳೆತ್ತರದವು, ಸೊಂಟದೆತ್ತರದವು, ಮೊಣಕಾಲೆತ್ತರದ ಸಣ್ಣಸಣ್ಣವು. ಒಂದೊಂದರ ಬುಡದಲ್ಲೂ ಬೋರಲು ಹಾಕಿದ ಒಂದು ಮಡಕೆ. ನೀವೋ ನಾನೋ ಆಗಿದ್ದರೆ ಅಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಇವನಿಗೆ ಏನು ಕಂಡಿತು ಹೇಳಿ? ಪ್ರಸಂಗಪೀಠ! ದೇವರೇ ನನಗಾಗಿ ಕಲ್ಲು ನೆಟ್ಟು ಇಟ್ಟಿದ್ದಾನೆ ಎಂದುಕೊಂಡ. ಬಿಳಿ ಧೋತರ, ಬಿಳಿ ನಿಲುವಂಗಿ ಸರಿಮಾಡಿಕೊಂಡು ಒಂದು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ನಿಂತ. ಎದೆಗೆ ಧೈರ್ಯ ಬರಲಿ ಎಂದು ಮೊದಲು ನಮ್ಮ ಕನ್ನಡದಲ್ಲೇ ಒಂದು ಹಾಡನ್ನು ಗಂಟಲೆತ್ತಿ ಹಾಡಿದ. ಆಮೇಲೆ ಅವರ ಭಾಷೆಯಲ್ಲಿ ಪ್ರಸಂಗ ಶುರುಮಾಡಿದ.

ಜನ ಬಂದರು. ಹೊಲದಿಂದ ಗಂಡಸರು ಬಂದರು, ನೀರಿಗೆ ಹೊರಟಿದ್ದ ಹೆಂಗಸರು ಬಂದರು. ಬಂದವರು ಬಯಲಿನ ಅಂಚಿನಲ್ಲಿ ಗಕ್ಕನೆ ನಿಂತರು. ಒಬ್ಬ ಮುದುಕಿಯ ಕೈಯಿಂದ ಕೊಡ ಜಾರಿ ಬಿದ್ದು ಒಡೆಯಿತು. ನೋಡಿ, ಕೊಡ ಒಡೆದರೆ ಯಾರಾದರೂ ತಿರುಗಿ ನೋಡುತ್ತಾರೆ ತಾನೇ? ಒಬ್ಬರೂ ನೋಡಲಿಲ್ಲ. ತಾಯಂದಿರು ಮಕ್ಕಳ ಕಣ್ಣಿನ ಮೇಲೆ ಅಂಗೈ ಇಟ್ಟರು. ಆಮೇಲೆ ಎಲ್ಲರೂ, ಮುದುಕರು, ಹರೆಯದವರು, ಹೆಂಗಸರು, ಒಬ್ಬರಿಗೊಬ್ಬರು ಒಂದು ಮಾತೂ ಆಡದೆ, ಒಟ್ಟಿಗೇ ತಿರುಗಿ ಅವನಿಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತರು. ಕುಳಿತು ಕೊನೆಯವರೆಗೂ ಕೇಳಿದರು. ಒಬ್ಬರೂ ಕೆಮ್ಮಲಿಲ್ಲ.

ಅಬ್ಬಾ, ಎಂಥ ನಮ್ರತೆ ಎಂದುಕೊಂಡ ಇವನು. ದೇವರ ಮಾತು ಹೇಳುವವನ ಮುಖ ನೋಡಲೂ ಅಂಜುವ ಜನ! ನಮ್ಮ ಊರಿನವರು ಪ್ರಸಂಗದ ನಡುವೆ ವಾಚು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುವುದಿಲ್ಲವೇ? ನಡುವಿನ ಸಾಲಿನವರು ನಗುತ್ತಿದ್ದೀರಿ, ನನಗೆ ಕಾಣಿಸುತ್ತದೆ.

ಅವನಿಗೆ ಊರ ಹೊರಗೆ ಒಂದು ಗುಡಿಸಲು ಬಿಟ್ಟುಕೊಟ್ಟರು. ಕೊಟ್ಟರು ಎಂದರೆ, ಯಾರೂ ಬಂದು ಇಗೋ ತೆಗೆದುಕೋ ಎನ್ನಲಿಲ್ಲ. ಸಂಜೆಯ ಹೊತ್ತಿಗೆ ಅದನ್ನು ಗುಡಿಸಿ ನೀರು ಚಿಮುಕಿಸಿ ಬಾಗಿಲು ತೆರೆದಿಟ್ಟು ಹೋಗಿದ್ದರು. ಊರಿನ ಮನೆಗಳ ಬಾಗಿಲೆಲ್ಲ ಸೂರ್ಯ ಹುಟ್ಟುವ ಕಡೆಗಿದ್ದವು. ಈ ಗುಡಿಸಲಿನ ಬಾಗಿಲು ಮಾತ್ರ ಆ ಕಲ್ಲುಗಳ ಕಡೆಗಿತ್ತು. ಪೀಠಕ್ಕೆ ಹತ್ತಿರವಾಯಿತು ಎಂದು ಇವನು ದೇವರಿಗೆ ಸ್ತೋತ್ರ ಹೇಳಿದ.

ಕೊಡ ಒಡೆದುಕೊಂಡಿದ್ದ ಆ ಮುದುಕಿಯೇ ದಿನವೂ ಊಟ ತರುತ್ತಿದ್ದಳು. ಹೇಗೆ ತರುತ್ತಿದ್ದಳು ಗೊತ್ತೇ? ಹಿಂದುಹಿಂದಕ್ಕೆ ನಡೆದು ಬರುತ್ತಿದ್ದಳು. ಬೆನ್ನು ಮೊದಲು ಬಾಗಿಲಿಗೆ ಬರುತ್ತಿತ್ತು. ಎಡಗೈಯಲ್ಲಿ ಎಲೆಯನ್ನು ಹಿಂದಕ್ಕೆ ಚಾಚಿ ಹೊಸ್ತಿಲ ಮೇಲಿಟ್ಟು, ಸ್ವಲ್ಪ ಹೊತ್ತು ನಿಂತು, ಮುಖ ತೋರಿಸದೆ ಹೊರಟುಹೋಗುತ್ತಿದ್ದಳು. ಅನ್ನಕ್ಕೆ ಉಪ್ಪಿರುತ್ತಿರಲಿಲ್ಲ. ಪಲ್ಯಕ್ಕೂ ಉಪ್ಪಿರುತ್ತಿರಲಿಲ್ಲ. ಬಡವರು, ಉಪ್ಪು ಕೊಳ್ಳಲೂ ಗತಿಯಿಲ್ಲ ಎಂದು ಇವನು ಮರುಗಿದ. ಅವಳ ಬೆನ್ನಿಗೇ ಆಶೀರ್ವಾದ ಮಾಡಿದ. ನಿನ್ನ ಹೆಸರೇನು ತಾಯಿ ಎಂದು ಒಂದು ದಿನವಾದರೂ ವಿಚಾರಿಸಿದನೇ? ಇಲ್ಲ. ಅವಳ ಹೆಸರು ಈವರೆಗೆ ನಿಮಗೆ ನಾನೂ ಹೇಳಿಲ್ಲ. ಹೇಗೆ ಹೇಳಲಿ, ಅವನಿಗೇ ಗೊತ್ತಿರಲಿಲ್ಲವಲ್ಲ!

ಅವನು ಬೀದಿಯಲ್ಲಿ ಬಂದರೆ ಮಾತು ನಿಲ್ಲುತ್ತಿತ್ತು. ಕುಟ್ಟುವ ಒನಕೆ ಎತ್ತಿದಲ್ಲೇ ನಿಲ್ಲುತ್ತಿತ್ತು. ನಾಯಿ ಬೊಗಳದಂತೆ ಯಾರೋ ಅದರ ಮೂತಿ ಹಿಡಿದಿರುತ್ತಿದ್ದರು. ಒಮ್ಮೆ ತಿರುಗಿ ನೋಡಿದರೆ, ಒಬ್ಬ ಹೆಂಗಸು ಸೊಪ್ಪಿನ ಕೊಂಬೆ ಹಿಡಿದು ಅವನ ಹೆಜ್ಜೆಗಳನ್ನು ಒಂದೊಂದಾಗಿ ಗುಡಿಸಿ ಅಳಿಸುತ್ತ ಹಿಂದೆಯೇ ಬರುತ್ತಿದ್ದಳು. ಗೌರವ ಎಂದುಕೊಂಡ. ಎಲ್ಲವನ್ನೂ ಗೌರವ ಎಂದುಕೊಂಡ. ಸಂಜೆ ಕಲ್ಲಿನ ಮೇಲೆ ನಿಂತರೆ ಊರಿಗೆ ಊರೇ ಬಂದು ಬೆನ್ನು ತಿರುಗಿಸಿ ಕುಳಿತುಕೊಳ್ಳುತ್ತಿತ್ತು. ಇಷ್ಟು ಚೆನ್ನಾಗಿ ಕೇಳುವವರು ದೀಕ್ಷಾಸ್ನಾನಕ್ಕೆ ಬರದೆ ಇರುತ್ತಾರೆಯೇ?

ಚಳಿಗಾಲ ಕಳೆಯಿತು, ಬೇಸಿಗೆ ಬಂತು, ಬೆನ್ನುಗಳು ತಿರುಗಲಿಲ್ಲ. ಹೌದು ಎನ್ನುವವರಿಲ್ಲ, ಅಲ್ಲ ಎನ್ನುವವರಿಲ್ಲ. ಬೈಯುವವರೂ ಇಲ್ಲ. ಸಭೆಯವರೇ, ಬೈಗುಳ ತಿಂದು ಬದುಕಬಹುದು. ನಿಮ್ಮನ್ನು ಒಬ್ಬರೂ ಕಣ್ಣೆತ್ತಿ ನೋಡದ ಊರಿನಲ್ಲಿ ಒಂದು ತಿಂಗಳು ಇದ್ದು ನೋಡಿ. ಅವನ ಕನ್ನಡಿ ದಾರಿಯಲ್ಲೇ ಒಡೆದಿತ್ತು. ಹಳ್ಳದಲ್ಲಿ ಬಗ್ಗಿದರೆ ಹರಿಯುವ ನೀರಿನಲ್ಲಿ ಮುಖ ನಿಲ್ಲುತ್ತಿರಲಿಲ್ಲ. ಬಾಯಿಗೆ ಉಪ್ಪಿನ ರುಚಿಯೇ ಮರೆತುಹೋಗಿತ್ತು. ಒಂದು ದಿನ ಗುಡಿಸಲಿನಲ್ಲಿ ಒಬ್ಬನೇ ಕುಳಿತು ತನ್ನ ಹೆಸರನ್ನು ತಾನೇ ಕೂಗಿ ನೋಡಿದ. ಅದು ಇನ್ಯಾರದೋ ಹೆಸರಿನ ಹಾಗೆ ಕೇಳಿಸಿತು. ತೋಳು ಚಿವುಟಿಕೊಂಡ. ನೋವಾಯಿತು, ಆದರೆ ಆ ನೋವೂ ಎಲ್ಲೋ ದೂರದಲ್ಲಿ ಆದ ಹಾಗಿತ್ತು. ಅಂದಿನಿಂದ ಅವನು ಒಬ್ಬನೇ ಇರುವಾಗಲೂ ಗಟ್ಟಿಯಾಗಿ ಮಾತಾಡಲು ಶುರುಮಾಡಿದ. ಮಾತು ನಿಲ್ಲಿಸಿದರೆ ತಾನು ಇಲ್ಲವಾಗಿಬಿಡುತ್ತೇನೋ ಎಂಬ ಭಯ.

ಇನ್ನೊಂದು ದಿನ ಬೀದಿಯ ತಿರುವಿನಲ್ಲಿ ಒಬ್ಬ ಗಟ್ಟಿಮುಟ್ಟಾದ ಗಂಡಸು ಎದುರಿನಿಂದ ಬಂದು ಅವನಿಗೆ ಡಿಕ್ಕಿ ಹೊಡೆದ. ಆ ಗಂಡಸು ಕಿರುಚಲಿಲ್ಲ. ಹಾಗೇ ನೆಲಕ್ಕೆ ಕುಸಿದು, ಕಣ್ಣು ಬಿಗಿಯಾಗಿ ಮುಚ್ಚಿ, ಅಲ್ಲಾಡದೆ ಮಲಗಿಬಿಟ್ಟ. ಇವನು ಕೈ ಹಿಡಿದು ಎತ್ತಲು ಹೋದರೆ ಆ ಕೈ ಮರಗಟ್ಟಿತ್ತು, ತಣ್ಣಗಿತ್ತು. ತುಟಿ ಮಾತ್ರ ಅದುರುತ್ತಿತ್ತು. ಆಗ ಮೊದಲ ಸಲ ಇವನಿಗೆ ಅನುಮಾನ ಬಂತು. ಇದು ಗೌರವ ಅಲ್ಲವಲ್ಲ! ಇದು ಬೇರೆ ಏನೋ! ಅಲ್ಲೇ ವಿಚಾರಿಸಬಹುದಿತ್ತು, ಅಣ್ಣಾ, ಯಾಕೆ ಹೆದರಿದೆ ಎಂದು. ಒಂದೇ ಮಾತು. ಅದನ್ನು ಕೇಳಲಿಲ್ಲ ನೋಡಿ ಈ ಮಾತಿನ ಶ್ರೀಮಂತ. ಮಲಗಿದವನ ಮೇಲೆ ಕೈಯಿಟ್ಟು ಒಂದು ದೊಡ್ಡ ಪ್ರಾರ್ಥನೆ ಹೇಳಿ ಮುಂದೆ ಹೋದ.

ಬೇಸಿಗೆ ಮುಗಿಯುತ್ತ ಬಂತು. ಹಿರಿಯ ಅಯ್ಯನವರು ಬರುವ ದಿನ ಹತ್ತಿರವಾಯಿತು. ಇನ್ನು ತಡಮಾಡಿ ಉಪಯೋಗವಿಲ್ಲ ಎಂದು ಒಂದು ಸಂಜೆ ಅವನು ತನ್ನ ಬುತ್ತಿಯ ಕೊನೆಯ ಗಂಟು ಬಿಚ್ಚಿದ. ದೀಕ್ಷಾಸ್ನಾನದ ಪ್ರಸಂಗ. "ಹೊಳೆಗೆ ಹೋಗೋಣ! ನೀರಿಗೆ ಹೋಗೋಣ! ಹಳೆಯದು ಅಲ್ಲೇ ಮುಳುಗಿ ಹೋಗಲಿ! ಇನ್ನು ಕಾಯಬೇಡಿ!" ಎಂದು ಕೂಗಿ ಕೂಗಿ ಹೇಳಿದ.

ಸಭೆಯವರೇ, ಆ ಬೆನ್ನುಗಳು ಅಂದು ಮೊದಲ ಸಲ ಅಲುಗಾಡಿದವು. ಗಾಳಿ ಬೀಸಿದಾಗ ಜೋಳದ ಹೊಲ ಅಲುಗಾಡುವ ಹಾಗೆ. ಹಿರಿಯರು ತಲೆ ತಲೆ ಸೇರಿಸಿದರು. ಊಟ ತರುವ ಮುದುಕಿ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಮರುದಿನದಿಂದ ಊರಿಗೆ ಊರೇ ಕೆಲಸಕ್ಕೆ ಇಳಿಯಿತು. ಹೊಳೆಗೆ ಹೋಗುವ ದಾರಿಯ ಮುಳ್ಳು ಕಡಿದರು. ಬಾಳೆಯ ದಿಂಡು ಜೋಡಿಸಿ ತೆಪ್ಪ ಕಟ್ಟಿದರು. ಹೊಸ ಬಿಳಿ ಬಟ್ಟೆ ತಂದರು, ಹೂ ತಂದರು. ಇವನು ಗುಡಿಸಲಿನಲ್ಲಿ ಮೊಣಕಾಲೂರಿ ಸಂತೋಷಕ್ಕೆ ಅತ್ತ. ಒಬ್ಬರಲ್ಲ, ಇಡೀ ಊರು! ಅಯ್ಯನವರ ಮುಖ ಹೇಗಾಗಬಹುದು, ನಮ್ಮ ಊರಲ್ಲಿ ಎಷ್ಟು ದೊಡ್ಡ ಹಾರ ಹಾಕಬಹುದು, ಎಲ್ಲ ಲೆಕ್ಕ ಹಾಕಿದ. ಹಿಂದಿನ ಹೆದರಿಕೆಯೆಲ್ಲ ತನ್ನ ಅಲ್ಪ ನಂಬಿಕೆ ಎಂದು ಕ್ಷಮೆ ಬೇಡಿಕೊಂಡ.

ಆ ಬೆಳಿಗ್ಗೆ ಡೋಲು ಬಡಿಯುತ್ತ ಬಂದರು. ನಿಧಾನವಾದ ಬಡಿತ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ಕಟ್ಟುವಷ್ಟು ಹೊತ್ತು. ಊರಿನವರು ಮುಂದೆ, ಇವನು ಹಿಂದೆ. ಹಾಡಿಲ್ಲ, ಮಾತಿಲ್ಲ, ಒಬ್ಬರೂ ಹಿಂದೆ ನೋಡಲಿಲ್ಲ. ಹೊಳೆಯ ದಡದಲ್ಲಿ ತೆಪ್ಪವನ್ನು ಹಗ್ಗಗಳಿಂದ ಕಟ್ಟಿ ನಿಲ್ಲಿಸಿದ್ದರು. ಸ್ವಲ್ಪ ಕೆಳಗೆ ಹೊಳೆ ಒಂದು ಕಮರಿಗೆ ಧುಮುಕುತ್ತಿತ್ತು, ಅದರ ಮೊರೆತ ಪಾದದ ಕೆಳಗಿನ ನೆಲಕ್ಕೂ ತಾಗುತ್ತಿತ್ತು. ಜನ ಇಬ್ಭಾಗವಾಗಿ ಸರಿದು ತೆಪ್ಪದವರೆಗೆ ದಾರಿ ಬಿಟ್ಟರು. ನೀರಿನ ಮೇಲೊಂದು ಪೀಠ ಕಟ್ಟಿದ್ದಾರೆ, ಎಷ್ಟು ಪ್ರೀತಿ ಎಂದು ಇವನು ಹತ್ತಿ ನಿಂತ. ನಿಂತು ಕೈಯೆತ್ತಿ ಕರೆದ: ಬನ್ನಿ, ನೀರಿಗೆ ಇಳಿಯಿರಿ!

ಯಾರೂ ಇಳಿಯಲಿಲ್ಲ. ಎಲ್ಲರೂ ಹಿಂದಕ್ಕೆ ಸರಿದು, ಬೆನ್ನು ತಿರುಗಿಸಿ, ಕುಳಿತರು. ಮುದುಕಿ ಹಿಂದುಹಿಂದಕ್ಕೆ ನಡೆದು ಬಂದು ಅವನ ಕಾಲ ಬಳಿ ಒಂದು ಎಲೆ ಅನ್ನ ಇಟ್ಟಳು. ಆಗ ಅವನು ಕಾಲ ಬಳಿ ಇನ್ನೇನಿದೆ ಎಂದು ನೋಡಿದ. ಮಡಿಸಿಟ್ಟ ಬಿಳಿ ಬಟ್ಟೆ ಇತ್ತು. ಬೋರಲು ಹಾಕಿದ ಒಂದು ಮಡಕೆ ಇತ್ತು. ಕಲ್ಲುಗಳ ಬುಡದಲ್ಲಿ ದಿನವೂ ನೋಡುತ್ತಿದ್ದ ಅಂಥದೇ ಮಡಕೆ. ಇಷ್ಟು ತಿಂಗಳು ತಾನು ಯಾವುದರ ಮೇಲೆ ನಿಂತು ಮಾತಾಡಿದೆ, ಆ ಬಯಲು ಏನು, ಆ ದಾರಿ ಯಾರದು, ಆ ಗುಡಿಸಲು ಯಾರಿಗೆ ಬಿಡುವಂಥದು, ಎಲ್ಲವೂ ಆ ಒಂದು ಕ್ಷಣದಲ್ಲಿ ಅವನಿಗೆ ಹೊಳೆಯಿತು. ಇದು ಸತ್ತವರನ್ನು ಕಳಿಸಿಕೊಡುವ ತೆಪ್ಪ. ಸತ್ತವನು ತಾನು.

"ನಾ ಬದಕೇನಿ! ಏ, ನಾ ಬದಕೇನ್ರೋ!" ಎಂದು ಕೂಗಿದ. ಗಾಬರಿಯಲ್ಲಿ ಕನ್ನಡವೇ ಬಂತು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಡೋಲಿನ ಬಡಿತ ಜೋರಾಯಿತು. ಮೊಣಕಾಲ ಮಟ್ಟದ ನೀರಿನಲ್ಲಿ ನಿಂತ ಗಂಡಸರು ಮುಖ ಆಚೆ ತಿರುಗಿಸಿಕೊಂಡು ಒಂದು ಹಗ್ಗ ಕಡಿದರು. ತೆಪ್ಪ ಗಿರ್ರನೆ ತಿರುಗಿತು. ಇವನು ಅವರ ಭಾಷೆಯಲ್ಲಿ ಗೊತ್ತಿದ್ದ ಪ್ರಾರ್ಥನೆಯನ್ನೆಲ್ಲ ಹೇಳಿದ, ವಾಕ್ಯವನ್ನೆಲ್ಲ ಹೇಳಿದ, ಆಜ್ಞಾಪಿಸಿದ, ಶಪಿಸಿದ, ಆಶೀರ್ವದಿಸಿದ. ಹೇಳಿದಷ್ಟೂ ಅವರಿಗೆ ಖಾತ್ರಿಯಾಗುತ್ತಿತ್ತು. ಇನ್ನೊಂದು ಹಗ್ಗ ಕಡಿದರು. ಉಳಿದದ್ದು ಒಂದೇ.

ಅಲ್ಲಿಗೆ ಅವನ ಮಾತು ಮುಗಿಯಿತು. ಅಷ್ಟು ಶ್ರೀಮಂತ, ಆ ಹೊತ್ತಿಗೆ ಬಾಯಲ್ಲಿ ಬಿಡಿಗಾಸಿಲ್ಲ. ಸುಮ್ಮನೆ ನಿಂತ. ಸುಮ್ಮನೆ ನಿಂತಾಗ ಅವನಿಗೆ ಒಂದು ಸಣ್ಣ ಸದ್ದು ಕೇಳಿಸಿತು. ದಡದಲ್ಲಿ ಆ ಮುದುಕಿ ಅಳುತ್ತಿದ್ದಳು. ಭುಜ ಕುಲುಕುತ್ತಿತ್ತು, ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಇಷ್ಟು ದಿನ ತನಗೆ ಅನ್ನ ಹಾಕಿದವಳು. ಅವಳ ದುಃಖ ಏನೆಂದು ತನಗೆ ಗೊತ್ತಿಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತು. ಗೊತ್ತಾದ ಕೂಡಲೇ, ತಾನು ಎಂದೂ ಬಾಯಿಪಾಠ ಮಾಡದ ಮಾತೊಂದನ್ನು ತೊದಲಿ ತೊದಲಿ ಜೋಡಿಸಿದ. ಅವರ ಮಾತನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ ಕೇಳಿ.

"ಅವ್ವಾ... ಯಾಕ ಅಳತೀಯವ್ವಾ?"

ಡೋಲು ನಿಂತಿತು. ಕತ್ತಿ ಎತ್ತಿದವನ ಕೈ ಮೇಲೆಯೇ ಉಳಿಯಿತು. ಆ ಮುದುಕಿ ನಿಧಾನವಾಗಿ, ಎಷ್ಟು ನಿಧಾನವಾಗಿ ಎಂದರೆ ಕತ್ತು ಮುರಿಯುತ್ತದೇನೋ ಎನ್ನುವ ಹಾಗೆ, ತಿರುಗಿದಳು. ಅವನ ಮುಖ ನೋಡಿದಳು. ಅವಳ ಕಣ್ಣಲ್ಲಿದ್ದ ಭಯವನ್ನು ನೋಡಿ ಅವನಿಗೇ ಭಯವಾಯಿತು.

"ನೀ ಕೇಳಿದಿ?" ಎಂದಳು. "ಸತ್ತವರು ಏನೂ ಕೇಳೂದಿಲ್ಲ. ಅವರಿಗೆ ಎಲ್ಲಾ ಗೊತ್ತಿರತೈತಿ. ಬರತಾರ, ಹೇಳತಾರ, ಹೋಗತಾರ. ಕೇಳೂದು ಬದಕಿದವರು. ನೀ ಯಾರು?"

ಹಾಗೆ ಕೇಳಿ ಅವಳೇ ಬಡಬಡಿಸಿದಳು. "ನನ್ನ ಮಗ ನಿಮ್ಮ ನಾಡಿನ ಇಟ್ಟಂಗಿ ಭಟ್ಟಿಗೆ ದುಡಿಯಾಕ ಹೋಗಿದ್ದ. ಒಮ್ಮೆ ಊರಿಗೆ ಬಂದಾಗ ಇದ ನಿನ್ನ ಮಾತಿನಾಗ ಏನೇನೋ ಆಡಿ ನಗಸ್ತಿದ್ದ. ಆಮ್ಯಾಲೆ ಸತ್ತ ಅಂತ ಸುದ್ದಿ ಬಂತು, ಹೆಣ ಬರಲಿಲ್ಲ. ದೂರದಾಗ ಸತ್ತವರು ಆ ನಾಡಿನ ಮುಖ ತೊಟ್ಕೊಂಡು, ಆ ನಾಡಿನ ನಾಲಿಗಿ ಹಾಕ್ಕೊಂಡು ಬರತಾರ. ಹೆಣದ ದಾರ್‍ಯಾಗನ ಬರತಾರ. ಬದಕಿದವ ಆದ್ರ ಮರದ ಕೆಳಗ ನಿಂತು ಕೂಗತಾನ. ಹೆಂಗದೀರಿ, ಮಳಿ ಆತೇನು, ಮಕ್ಕಳು ಆರಾಮದಾವೇನು ಅಂತ ಕೇಳಿ ಒಳಗ ಬರತಾನ. ನೀ ಕೇಳಲಿಲ್ಲ. ಕಲ್ಲಿನ ಮ್ಯಾಲೆ ನಿಂತು ಹೇಳಿದಿ. ನನ್ನ ಮಗನ ಬಂದಾನ ಅಂತ ಉಪ್ಪಿಲ್ಲದ ಕೂಳು ಇಟ್ಟೆ. ಸತ್ತವರ ಮುಖ ನೋಡಬಾರದಂತ, ನೋಡಲಿಲ್ಲ. ಹೊಳಿಗೆ ಹೋಗೂಣು, ಇನ್ನ ಕಾಯಬ್ಯಾಡ್ರಿ ಅಂತ ನೀನ ಅಂದಿ. ಸತ್ತವರು ತಾವ ಹೊಳಿ ಬೇಡಿದ್ರ ಇಟ್ಕೋಬಾರದು. ಅದಕ್ಕ ಕರಕೊಂಡು ಬಂದೆ."

ಆಮೇಲೆ ಅವಳು ನೀರಿಗೆ ಇಳಿದು ಬಂದು ಅವನ ಕೈ ಮುಟ್ಟಿದಳು. ಬಿಸಿಯಿತ್ತು. ನಾಡಿ ಹೊಡೆದುಕೊಳ್ಳುತ್ತಿತ್ತು. ಅವಳ ಮುಖದ ಭಯ ಹೋಯಿತು, ಅದಕ್ಕಿಂತ ಕೆಟ್ಟದ್ದೊಂದು ಬಂತು.

"ಹಂಗಾರ ನೀ ಬದಕೀದಿ. ನೀ ಬದಕಿದ್ರ, ನನ್ನ ಮಗ ಎಲ್ಲದಾನ?"

ಏನು ಹೇಳುತ್ತಾನೆ? ಹೇಳಿ, ನೀವಾದರೂ ಏನು ಹೇಳುತ್ತೀರಿ? ಇಷ್ಟು ತಿಂಗಳು ಮಗ ಮನೆಯ ಹತ್ತಿರ ಇದ್ದಾನೆ, ಉಣ್ಣುತ್ತಿದ್ದಾನೆ ಎಂದುಕೊಂಡಿದ್ದ ತಾಯಿಗೆ ಮಗ ಇನ್ನೊಂದು ಸಲ ಸತ್ತ. ಇವನು ತೆಪ್ಪದಿಂದ ಇಳಿದು ಅವಳ ಪಕ್ಕ ಕೆಸರಿನಲ್ಲಿ ಕುಳಿತ. ಅವಳ ಹೆಸರು ಕೇಳಿದ. ಗುರುಬಾರಿ ಎಂದಳು. ಮಗನ ಹೆಸರು ಕೇಳಿದ. ಮಂಗ್ಲು ಎಂದಳು. ಹುಟ್ಟಿದ ವಾರದ ಹೆಸರನ್ನೇ ಇಡುವ ಜನ ಅವರು. ಹೇಗೆ ನಗುತ್ತಿದ್ದ, ಏನು ಉಣ್ಣುತ್ತಿದ್ದ, ಯಾವಾಗ ಹೋದ, ಯಾರ ಜೊತೆ ಹೋದ, ಎಲ್ಲ ವಿಚಾರಿಸಿದ. ಒಂದು ಮಾತೂ ನೆಟ್ಟಗೆ ಬರಲಿಲ್ಲ. ತಪ್ಪಿದಾಗ ಯಾರೋ ಬೆನ್ನು ತಿರುಗಿಸಿಕೊಂಡೇ ತಿದ್ದಿದರು. ಇನ್ನೊಂದು ಸಲ ತಪ್ಪಿದಾಗ ತಿರುಗಿಯೇ ತಿದ್ದಿದರು. ಉತ್ತರಗಳಲ್ಲಿ ಅರ್ಧ ಅವನಿಗೆ ತಿಳಿಯಲಿಲ್ಲ. ಆದರೂ ಎದ್ದು ಹೋಗಲಿಲ್ಲ.

ಕೆಲವು ದಿನ ಕಳೆದು ಹಿರಿಯ ಅಯ್ಯನವರು ಬಂದಾಗ ಊರಲ್ಲಿ ಉಪದೇಶಿಯೇ ಇರಲಿಲ್ಲ. ಅವನು ಗುರುಬಾರಿಯನ್ನು ಕರೆದುಕೊಂಡು ರೈಲು ಹತ್ತಿದ್ದ, ನಮ್ಮ ನಾಡಿಗೆ. ಭಟ್ಟಿಯಿಂದ ಭಟ್ಟಿಗೆ, ಗುತ್ತಿಗೆದಾರನಿಂದ ಗುತ್ತಿಗೆದಾರನಿಗೆ, ವಿಚಾರಿಸಿಕೊಂಡು ಅಲೆದರು. ಕೊನೆಗೆ ಒಂದು ಇಟ್ಟಿಗೆ ಭಟ್ಟಿ. ಸಭೆಯವರೇ, ಆ ಭಟ್ಟಿ ಅವನ ಸ್ವಂತ ಊರಿನ ಅಂಚಿನಲ್ಲಿತ್ತು. ಅದರ ಮುಂದಿನ ದಾರಿಯಲ್ಲಿ ಅವನು ಎಷ್ಟೋ ವರ್ಷ ಸೈಕಲ್ಲಿನ ಮೇಲೆ ದೇವಾಲಯಕ್ಕೆ ಹೋಗಿದ್ದ, ಪ್ರಸಂಗವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ.

ಮಂಗ್ಲುವಿನ ಊರು, ಬಂದ ವರ್ಷ, ಕರೆತಂದ ಗುತ್ತಿಗೆದಾರ, ಎಲ್ಲ ಹೇಳಿ ಭಟ್ಟಿಯ ಮೇಸ್ತ್ರಿಯನ್ನು ಕೇಳಿದರು. "ಅ‍ವನಾ? ಹೆಸರು ಗೊತ್ತಿಲ್ರಿ. ಎಲ್ಲಾರಿಗೂ ಹಿಂದಿಯವ ಅಂತಿದ್ವಿ. ಜ್ವರ ಬಂದಿತ್ತು, ಏನೋ ಹೇಳತಿದ್ದ, ಯಾರಿಗೆ ತಿಳೀತೈತ್ರಿ? ಅಲ್ಲಿ ಹಿಂದ ಮಣ್ಣು ಮಾಡೇವಿ ನೋಡ್ರಿ," ಎಂದ. ಮಂಗ್ಲುವಿಗೆ ಹಿಂದಿಯೇ ಬರುತ್ತಿರಲಿಲ್ಲ. ಜಾಲಿಗಿಡದ ಕೆಳಗೆ ಒಂದು ದಿಬ್ಬ. ಗುರುಬಾರಿ ಅದರ ಪಕ್ಕ ಮಲಗಿ, ಮಣ್ಣಿಗೆ ಕೆನ್ನೆ ಹಚ್ಚಿ, ತನ್ನ ಭಾಷೆಯಲ್ಲಿ ಏನೇನೋ ಮಾತಾಡಿದಳು. ಉಪದೇಶಿ ಸ್ವಲ್ಪ ದೂರ ನಿಂತಿದ್ದ. ಅವನು ಪ್ರಾರ್ಥನೆ ಹೇಳಲಿಲ್ಲ. ಏನು ಮಾಡಲಿ ಎಂದು ಅವಳನ್ನು ಕೇಳಿದ. ನೀರು ತಾ ಎಂದಳು. ತಂದುಕೊಟ್ಟ.

ಆಮೇಲೆ ಎಷ್ಟು ಜನ ದೀಕ್ಷಾಸ್ನಾನ ಮಾಡಿಸಿಕೊಂಡರು ಎಂದು ಕೇಳುತ್ತೀರಿ, ಅಲ್ಲವೇ? ಕಮಿಟಿಯವರು ಕೇಳಿಯೇ ಕೇಳುತ್ತೀರಿ. ಅದನ್ನು ನಾನು ಹೇಳುವುದಿಲ್ಲ. ಅದು ಗುರುಬಾರಿಯ ಊರಿನವರಿಗೂ ದೇವರಿಗೂ ಬಿಟ್ಟದ್ದು. "ನಿನ್ನ ಕಳಿಸಿದ್ದು ಇದಕ್ಕೇನೋ?" ಎಂದು ಅಯ್ಯನವರು ಗದರಿದಾಗ ಅವನು "ಹೌದ್ರಿ ಅಯ್ಯನವರ, ಇದಕ್ಕನ" ಎಂದನಂತೆ. ಕಥೆ ಅಷ್ಟೇ.

ಕಥೆ ಅಷ್ಟೇ, ಆದರೆ ನಾನು ನಿಮ್ಮನ್ನು ಇನ್ನೂ ಬಿಟ್ಟಿಲ್ಲ. ಇವತ್ತು ಬೇರೆ ಭಾಷೆಯವರ ನಡುವಿನ ಸೇವೆಗಾಗಿ ಕಾಣಿಕೆ ಎತ್ತುವ ಭಾನುವಾರ. ದೂರದ ಬೆಟ್ಟಗಳ ಹೆಸರು ಹೇಳಿ ಉದಾರವಾಗಿ ಹಾಕಿದ್ದೀರಿ, ಸಂತೋಷ. ಆದರೆ ನಿಮ್ಮ ಹೊಸ ಮನೆಯ ಮೂರನೇ ಮಹಡಿಗೆ ಟೈಲ್ಸ್ ಹೊರುತ್ತಿರುವವನ ಊರು ಯಾವುದು? ಗೊತ್ತೇ? ನಿಮ್ಮ ಗೇಟು ಕಾಯುವವನಿಗೆ ಕ್ರಿಸ್‌ಮಸ್ಸಿಗೆ ಕೇಕು ಕೊಟ್ಟಿರಿ, ಕರಪತ್ರ ಕೊಟ್ಟಿರಿ. ಅವನ ಮಕ್ಕಳ ಹೆಸರೇನು? ಹೋಟೆಲಿನಲ್ಲಿ ನಿಮ್ಮ ಮುಂದೆ ತಟ್ಟೆ ಇಡುವ ಹುಡುಗಿಗೆ ಹೋದ ವಾರ ಕಣ್ಣು ಬಾತಿತ್ತು. ಕಂಡಿತೇ? ಕಂಡರೂ ಏನಮ್ಮಾ ಎಂದಿರಾ?

ಮನೆಯೊಳಗೂ ಇದೇ ಕಥೆ. ಊಟಕ್ಕೆ ಕುಳಿತರೆ ಯಜಮಾನರು ಹೇಳುತ್ತಾರೆ, ಹೇಳುತ್ತಾರೆ, ಕೈ ತೊಳೆಯುವವರೆಗೂ ಹೇಳುತ್ತಾರೆ. ಹೆಂಡತಿ ಮಕ್ಕಳು ಗೌರವದಿಂದ ತಲೆತಗ್ಗಿಸಿ ಉಣ್ಣುತ್ತಾರೆ. ಅದು ಗೌರವ ಎಂದು ನಿಮಗೆ ಯಾರು ಹೇಳಿದರು? ಎಲ್ಲ ಗೊತ್ತಿದ್ದು, ಹೇಳುವುದಷ್ಟೇ ಉಳಿದಿರುವ ಮನುಷ್ಯನನ್ನು ಆ ಬೆಟ್ಟದ ಜನ ಏನೆಂದು ತಿಳಿದರು, ನೆನಪಿಟ್ಟುಕೊಳ್ಳಿ. ಅವರು ತಪ್ಪು ತಿಳಿದರೇ? ನನಗೇನೋ ಹಾಗೆನ್ನಿಸುವುದಿಲ್ಲ.

ಆದ್ದರಿಂದ ಇಂದಿನಿಂದ ಒಂದು ಕೆಲಸ ಮಾಡಿ. ಯಾರಿಗೇ ಆಗಲಿ ಏನನ್ನಾದರೂ ಹೇಳುವ ಮೊದಲು ಒಂದು ಮಾತು ವಿಚಾರಿಸಿ. ನಿನ್ನ ಹೆಸರೇನಪ್ಪಾ, ಯಾವ ಊರು, ಉಂಡೆಯಾ ಎಂದು. ಕೇಳಿ ಹಾಗೇ ನಡೆದುಬಿಡಬೇಡಿ. ಉತ್ತರ ಬರುವವರೆಗೆ ನಿಲ್ಲಿ. ಭಾಷೆ ತಿಳಿಯದಿದ್ದರೂ ನಿಲ್ಲಿ.

ನಾಳೆಯಿಂದ ಎನ್ನಬೇಡಿ. ನಮ್ಮ ಕೊನೆಯ ಬೆಂಚಿನಲ್ಲಿ ಕನ್ನಡ ಬಾರದ ಒಂದು ಕುಟುಂಬ ಕುಳಿತಿದೆ. ಎಷ್ಟೋ ವಾರಗಳಿಂದ ಬರುತ್ತಿದ್ದಾರೆ. ಇವತ್ತು ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಅವರಿಗೆ ಒಂದು ಮಾತೂ ತಿಳಿದಿಲ್ಲ. ಅವರು ಯಾರು, ಎಲ್ಲಿಯವರು, ಯಾವ ಸಂಕಟ ಹೊತ್ತು ಬಂದಿದ್ದಾರೆ, ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಕೈಯೆತ್ತಿ. ಒಂದು ಕೈಯೂ ಏಳಲಿಲ್ಲ. ಇವತ್ತು ಕೊನೆಯ ಆಶೀರ್ವಾದವನ್ನು ನಾನು ಈಗಲೇ ಹೇಳುವುದಿಲ್ಲ. ಎದ್ದು ಅವರ ಹತ್ತಿರ ಹೋಗಿ, ವಿಚಾರಿಸಿಕೊಂಡು ಬನ್ನಿ. ಅವಸರ ಬೇಡ, ನಾನು ಕಾಯುತ್ತೇನೆ.